ಗೋದಲಿಯೂ ಔಚಿತ್ಯವೂ

ಪುಸ್ತಕಗಳ ವಿಮರ್ಶೆಗೆ ಮೀಸಲಾದ ಈ ಪುಟದಲ್ಲಿ ರಟ್ಟು, ಒಣಹುಲ್ಲು, ಜೇಡಿಮಣ್ಣುಗಳಿಂದಾದ ಕೃತಿಯೊಂದನ್ನು ಎತ್ತಿಕೊಂಡರೆ ವಾಚಕರು ಹುಬ್ಬೇರಿಸಬಹುದು. ಆದರೆ ಕಥಾವಸ್ತು, ಪಾತ್ರ, ಸನ್ನಿವೇಶ, ವರ್ಣನೆ ಇವೆಲ್ಲವೂ ಉಳ್ಳದ್ದನ್ನು ಕೃತಿಯೆನ್ನದೆ ಬೇರೇನೆನ್ನೋಣ? ಕ್ರಿಸ್ಮಸ್ಸಿಗೆಂದು ಕ್ರೈಸ್ತರ ಮನೆಗಳಲ್ಲಿ ಕಟ್ಟುವ ಗೋದಲಿ ಅಂಥದೊಂದು. ನವರಾತ್ರಿಯ ಬೊಂಬೆಗಳ ಸಾಲನ್ನು ಬಲ್ಲವರಿಗೆ ಇದರ ಪರಿಚಯ ಕಷ್ಟವಲ್ಲ. ಅಲ್ಲಿ ಪಟ್ಟದ ಬೊಂಬೆಗಳಿರುವ ಸ್ಥಾನದಲ್ಲಿ ಇಲ್ಲಿ ಒಂದು ದನದ ಕೊಟ್ಟಿಗೆ; ಅದರ ಸುತ್ತ ಒಂದು ಪುಟ್ಟ ಊರು.

ಕಳೆದ ಡಿಸೆಂಬರಿನಲ್ಲಿ ಶಿವಮೊಗ್ಗದಿಂದ ಭದ್ರಾವತಿಗೆ ಹೋಗುತ್ತ ನಡುವೆ ಮಲವಗೊಪ್ಪದಲ್ಲಿ ಇಳಿದೆ. ಅಲ್ಲಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಹುಕಾಲದಿಂದ ಕರೆಯುತ್ತಿದ್ದ. ಆ ಮನೆಯಲ್ಲಿ ಗೋದಲಿ ಕಟ್ಟುವವರು ಅವನ ತಂದೆ. ಊರಿನ ಸಕ್ಕರೆ ಕಾರ್ಖಾನೆ ನಡೆಯುತ್ತಿದ್ದ ದಿನಗಳಲ್ಲಿ ಅಲ್ಲಿ ದುಡಿದವರು. ನಡುಮನೆಯ ಮೂಲೆಯಲ್ಲಿ ಎರಡು ಬೆಂಚು ಜೋಡಿಸಿ ಕೃತಿರಚನೆ ಆಗಿತ್ತು. ಮುದುರಿದ ದಪ್ಪ ಕಾಗದವೇ ಗುಡ್ಡ. ತಟ್ಟೆಯಲ್ಲಿ ಮೊಳೆಸಿದ ರಾಗಿಯ ಪೈರೇ ಗದ್ದೆ. ಕನ್ನಡಿಯ ಚೂರೇ ಕೆರೆ. ಇಷ್ಟು ಬೇರೆ ಗೋದಲಿಗಳಲ್ಲೂ ಉಂಟು. ಬೇರೆಲ್ಲೂ ನಾನು ಕಾಣದ್ದೊಂದು ಇಲ್ಲಿತ್ತು: ಕೊಟ್ಟಿಗೆಯ ಹಿಂದೆ, ರಟ್ಟನ್ನು ಸುರುಳಿ ಸುತ್ತಿ ಮಾಡಿದ ಕಾರ್ಖಾನೆಯ ಚಿಮಣಿ. ಅದರ ತುದಿಗೆ ಒಂದಿಷ್ಟು ಹತ್ತಿ.

ಬೆತ್ಲೆಹೇಮಿನಲ್ಲಿ ಸಕ್ಕರೆ ಕಾರ್ಖಾನೆ! ಮೇಷ್ಟರ ಬುದ್ಧಿ ಕೆಂಪು ಶಾಯಿಯನ್ನು ಹುಡುಕಿತು. ದೇಶವಿರೋಧ, ಕಾಲವಿರೋಧ ಎಂದು ನಮ್ಮ ಆಲಂಕಾರಿಕರು ಹೆಸರಿಟ್ಟ ದೋಷಗಳೆರಡೂ ಒಂದೇ ರಟ್ಟಿನ ಸುರುಳಿಯಲ್ಲಿ ಕೂಡಿದ್ದುವು. ಸಾಲದೆಂಬಂತೆ ಈ ಹತ್ತಿಯ ಹಿಮ ಬೇರೆ. ಸುವಾರ್ತೆಯ ಕಥೆಯಲ್ಲಿ ಹಿಮದ ಮಾತೇ ಇಲ್ಲ. ಅದು ಯೂರೋಪಿನ ಚಳಿಯಿಂದ ಬಂದದ್ದು. ಚಕೋರ ಬೆಳದಿಂಗಳನ್ನು ಕುಡಿಯುವಂತೆ ಅದನ್ನೂ ಕವಿಸಮಯವೆಂದು ಒಪ್ಪಬಹುದಾದರೂ, ಮಲವಗೊಪ್ಪಕ್ಕೆ ಅದು ಸಾಲ ತಂದ ಕವಿಸಮಯ.

ಆದರೆ ತೀರ್ಪು ಕೊಡುವ ಮೊದಲು ಪರಂಪರೆಯನ್ನು ನೋಡಬೇಡವೆ? ಲೂಕನು ಹೇಳುವುದು ಇಷ್ಟೆ: ಛತ್ರದಲ್ಲಿ ಜಾಗವಿರಲಿಲ್ಲ, ತಾಯಿ ಮಗುವನ್ನು ದನದ ಮೇವುದೊಟ್ಟಿಯಲ್ಲಿ ಮಲಗಿಸಿದಳು. ಎತ್ತು ಕತ್ತೆಗಳು ಕೂಡ ಅವನ ಕಥೆಯಲ್ಲಿಲ್ಲ. ಯೆಶಾಯನ ಗ್ರಂಥದ ಮಾತೊಂದರಿಂದ ಅವು ಕೊಟ್ಟಿಗೆಗೆ ಬಂದುವೆನ್ನುತ್ತಾರೆ. 1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸನು ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಹುಲ್ಲು ಹರಡಿ, ನಿಜವಾದ ಎತ್ತು ಕತ್ತೆಗಳನ್ನು ತರಿಸಿ ಆ ಇರುಳಿನ ಬಡತನವನ್ನು ಜನರ ಕಣ್ಣಿಗೆ ಕಾಣಿಸಿದ. ಅಂದು ಬೆತ್ಲೆಹೇಮೇ ಗ್ರೆಚ್ಚೊ ಆಯಿತು. ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ ಹಿಟ್ಟಿನ ಗಿರಣಿಯವನು, ರೊಟ್ಟಿಯವನು, ಸಾಣೆ ಹಿಡಿಯುವವನು ಮಣ್ಣಿನ ಬೊಂಬೆಗಳಾಗಿ ಗೋದಲಿ ಸೇರಿದರು. ದೂರವೇಕೆ? 941ರ ಸುಮಾರಿನಲ್ಲಿ ನಮ್ಮ ಪಂಪ ಮಹಾಭಾರತದ ಅರ್ಜುನನನ್ನು ಬನವಾಸಿಗೆ ಕರೆತಂದು ಆ ನಾಡಿಗೆ ಮರುಳಾಗಿಸಲಿಲ್ಲವೆ? ಅದನ್ನು ದೋಷವೆಂದ ಸಹೃದಯನನ್ನು ನಾನು ಕಾಣೆ.

ಹಾಗೆಂದು ತನ್ನ ಊರನ್ನು ತಂದದ್ದೆಲ್ಲ ಗುಣವಾಗದು. ಹದಿನೆಂಟನೆಯ ಶತಮಾನದ ನೇಪಲ್ಸಿನ ಗೋದಲಿಗಳು ಕುಶಲಕಲೆಗೆ ಹೆಸರಾದುವು. ಆದರೆ ಅವುಗಳ ಚಿತ್ರಗಳನ್ನು ನೋಡಿದರೆ ಮೀನು, ಹಣ್ಣು, ಮಾಂಸದಂಗಡಿಗಳ ಗದ್ದಲದಲ್ಲಿ ಮಗುವನ್ನು ಹುಡುಕಬೇಕಾಗುತ್ತದೆ. ಅಷ್ಟಾದಶ ವರ್ಣನೆಗಳ ಭಾರಕ್ಕೆ ಕಥೆ ಕುಸಿದ ನಮ್ಮ ಕೆಲವು ಕಾವ್ಯಗಳ ಗತಿಯೂ ಇದೇ. ಔಚಿತ್ಯವೇ ಕಾವ್ಯದ ಜೀವವೆಂದ ಕ್ಷೇಮೇಂದ್ರನ ಅಳತೆಗೋಲೇ ಇಲ್ಲಿಯೂ ಸಾಕು. ಊರಿನಲ್ಲಿ ಸುತ್ತಾಡಿದ ಕಣ್ಣು ಮೇವುದೊಟ್ಟಿಗೆ ಹಿಂದಿರುಗುತ್ತದೆಯೆ? ಪ್ರಶ್ನೆ ಇಷ್ಟೆ.

ಈ ಅಳತೆಯಲ್ಲಿ ನಮ್ಮ ಹಿರಿಯರ ಗೋದಲಿಗೂ ಸೋಲುಗಳುಂಟು. ಮಿಣುಕುವ ದೀಪದ ಸರ ಎಲ್ಲ ಮನೆಗಳನ್ನೂ ಕೊಟ್ಟಿಗೆಗಿಂತ ಹೆಚ್ಚಾಗಿ ಬೆಳಗುತ್ತಿತ್ತು. ಅಂಗಡಿಯಿಂದ ತಂದ ಪ್ಲಾಸ್ಟಿಕ್ಕಿನ ಕ್ರಿಸ್ಮಸ್ ತಾತ ಕೊಟ್ಟಿಗೆಯ ಮಾಡಿಗಿಂತ ಎತ್ತರವಾಗಿದ್ದ. ಇದನ್ನು ಹೇಳಿದಾಗ ಅವರು ನಕ್ಕು ಒಪ್ಪಿಕೊಂಡರು. ಚಿಮಣಿಯ ಮಾತೆತ್ತಿದಾಗ ಮಾತ್ರ ಒಪ್ಪಲಿಲ್ಲ.

“ಕುರಿ ಕಾಯೋರು ರಾತ್ರಿಯೆಲ್ಲ ಎದ್ದಿದ್ರು ಅಂತ ಚರ್ಚಲ್ಲಿ ಓದ್ತಾರಲ್ಲ ಮೇಷ್ಟ್ರೇ, ರಾತ್ರಿಯೆಲ್ಲ ಎದ್ದಿರೋರು ಅಂದ್ರೆ ನಾನು ಕಂಡಿದ್ದು ಕಬ್ಬಿನ ಗಾಡಿಯೋರನ್ನ. ಕಬ್ಬು ಅರೆಯೋ ಕಾಲ್ದಲ್ಲಿ ಗೇಟಿನ ಹೊರಗೆ ಸಾಲಾಗಿ ನಿಂತಿರೋರು. ಎತ್ತು ಬಿಚ್ಚಿ, ಹುಲ್ಲು ಹಾಕಿ, ಬೆಂಕಿ ಕಾಯಿಸ್ಕೊಂಡು ಕೂತಿರೋರು. ಇದೇ ಚಳೀಲಿ. ದೇವದೂತ ಇಲ್ಲಿಗೆ ಬಂದ್ರೆ ಮೊದ್ಲು ಸಿಗೋರು ಅವರೇ ಅಲ್ವಾ?”

ಮತ್ತೊಮ್ಮೆ ನೋಡಿದೆ. ಚಿಮಣಿಯ ಬುಡದಿಂದ ಕೊಟ್ಟಿಗೆಯವರೆಗೆ ಬೆಂಕಿಕಡ್ಡಿಯ ಗಾಡಿಗಳು ಸಾಲಾಗಿ ನಿಂತಿದ್ದುವು. ಪಕ್ಕದಲ್ಲಿ ಕಂಬಳಿ ಹೊದ್ದ ಮಣ್ಣಿನ ಮನುಷ್ಯರು. ಎಲ್ಲರ ಮುಖವೂ ಮೇವುದೊಟ್ಟಿಯ ಕಡೆಗೆ. ನಾನು ದೋಷವೆಂದುಕೊಂಡದ್ದೇ ಕಣ್ಣನ್ನು ಕೈಹಿಡಿದು ಅಲ್ಲಿಗೆ ಕರೆದೊಯ್ಯುತ್ತಿತ್ತು. ಕುರಿ ಕಾಯುವವರು ಎಂಬ ಮಾತನ್ನು ಎಷ್ಟೋ ಸಲ ಓದಿದ್ದೆ. ನಿದ್ದೆಗೆಟ್ಟ ಬಡವರು ಎಂಬ ಅದರ ಅರ್ಥ ಅಂದು ಹೊಳೆಯಿತು.

“ಹಿಮ ಯಾಕೆ ಹಾಕಿದಿರಿ?” ಎಂದು ಕೇಳಿದೆ. “ಹಿಮ ಅಲ್ಲ ಸಾರ್, ಹೊಗೆ,” ಎಂದು ಅವರ ಮೊಮ್ಮಗ ತಿದ್ದಿದ. ಪ್ರತಿವರ್ಷ ಆ ಹತ್ತಿಯನ್ನು ಸಿಕ್ಕಿಸುವುದು ಅವನ ಪಾಲಿನ ಕೆಲಸವಂತೆ. ಆ ಕಾರ್ಖಾನೆ ಹೊಗೆಯಾಡಿದ್ದನ್ನು ಅವನು ಕಂಡವನಲ್ಲ. ಅವನಿಗೆ ಅದೂ ಬೆತ್ಲೆಹೇಮಿನಷ್ಟೇ ದೂರದ ಕಥೆ. ಕೊಟ್ಟಿಗೆಯ ನಂಟಿನಿಂದ ಅದೂ ಅವನ ಮನೆಯಲ್ಲಿ ಉಳಿದುಕೊಂಡಿದೆ.

ನಾನು ಹೊರಟಾಗ ಮೇವುದೊಟ್ಟಿ ಬರಿದಾಗಿತ್ತು. ಮಗುವನ್ನು ಇಡುವುದು 24ರ ನಡುರಾತ್ರಿಗೆ. ಜನವರಿ 6ರ ಮೂವರು ರಾಯರ ಹಬ್ಬ ಕಳೆದರೆ ಗುಡ್ಡ ಮತ್ತೆ ಕಾಗದವಾಗುತ್ತದೆ, ಪೈರು ದನಕ್ಕೆ ಹೋಗುತ್ತದೆ. ಮರುಮುದ್ರಣವಿಲ್ಲದ ಕೃತಿಯಾದ್ದರಿಂದ ಅದರ ಗುಣದೋಷಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಈ ಸಲ ತಾತನ ಬೊಂಬೆಯನ್ನು ಹಿಂದೆ ಸರಿಸುತ್ತೇವೆಂದು ಮಾತು ಕೊಟ್ಟಿದ್ದಾರೆ. ಚಿಮಣಿ ಇದ್ದಲ್ಲೇ ಇರಲಿ.