ಬರಲಿಲ್ಲ, ಬರಲಿಕ್ಕಿಲ್ಲ, ಬರಾಕತ್ತೈತಿ

ಕ್ರಿಯಾಪದದ ರುಚಿ ಹಿಡಿಯಹೊರಟವರು ಮೊದಲು ಕಾಲವನ್ನು ಹುಡುಕುತ್ತಾರೆ: ಬಂತು, ಬರುತ್ತದೆ. ಆದರೆ ಕನ್ನಡದ ಸೂಕ್ಷ್ಮ ಹೆಚ್ಚಾಗಿ ಅಡಗಿರುವುದು ಕಾಲವೂ ಇಲ್ಲದ, ಕರ್ತೃವಿನ ಗುರುತೂ ಇಲ್ಲದ ರೂಪಗಳಲ್ಲಿ: ಬರಲು, ಬರಲಿಕ್ಕೆ, ಬರುವುದು. ಶಾಲೆಯ ವ್ಯಾಕರಣ ಮೊದಲೆರಡನ್ನು ಕೃದಂತಾವ್ಯಯವೆಂದು ಒಟ್ಟಿಗೆ ಕಟ್ಟಿ ಮುಂದೆ ಹೋಗುತ್ತದೆ. ಮಹಾರಾಷ್ಟ್ರದ ಗಡಿಯ ಜತ್ತ ತಾಲ್ಲೂಕಿನ ಸನಮಡಿಯಂಥ, ಮಳೆಯನ್ನೇ ನೆಚ್ಚಿದ ಬರದ ಸೀಮೆಯ ಊರಿನಲ್ಲಿ ನಿಂತು ಕೇಳಿದರೆ ಆ ಕಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ‘ಮಳಿ ಬರಲಿಲ್ಲ’ ಎಂದರೆ ಮುಗಿದುಹೋದ ಸಂಗತಿ. ‘ಬರಲಿಕ್ಕಿಲ್ಲ’ ಎಂದರೆ ಬರಿಯ ಅಂದಾಜು, ಬಿತ್ತುವವನಿಗೆ ಇನ್ನೂ ಆಸೆಯುಂಟು. ‘ಬರುವುದಿಲ್ಲ’ ಎಂದರೆ, ಗಡಿಯವರ ಬಾಯಲ್ಲಿ ‘ಬರಂಗಿಲ್ಲ’ ಎಂದರೆ, ಖಚಿತ ಮಾತು.

ಈ ಭೇದ ಬರುವುದು ಪಕ್ಕದ ಸಹಾಯಕ ಪದದಿಂದ, ರೂಪದಿಂದಲ್ಲ ಎಂದು ಯಾರಾದರೂ ವಾದಿಸಬಹುದು. ಆದರೆ ಈ ಮೂರರಲ್ಲೂ ಕೊನೆಗಿರುವುದು ಒಂದೇ ‘ಇಲ್ಲ’. ಬದಲಾದದ್ದು ಅದರ ಹಿಂದಿನ ರೂಪ ಮಾತ್ರ. ‘ಬಿಡು’ ಧಾತುವನ್ನು ಇಟ್ಟು ನೋಡಿ: ‘ಒಳಗ ಬರಾಕ ಬಿಟ್ರು’ ಎಂದರೆ ಅನುಮತಿ, ‘ಬರೂದು ಬಿಟ್ರು’ ಎಂದರೆ ಬರುವ ರೂಢಿಯೇ ನಿಂತಿತು. ‘ಬೀಗ ಹಾಕಲು ಮರೆತ’ ಎಂದಾಗ ಬಾಗಿಲು ತೆರೆದೇ ಇದೆ. ‘ಹಾಕಿದ್ದನ್ನು ಮರೆತ’ ಎಂದಾಗ ಭದ್ರವಾಗಿದೆ. ಇಂಗ್ಲಿಷಿನಲ್ಲೂ ಮರೆಯುವ, ನಿಲ್ಲಿಸುವ ಕ್ರಿಯೆಗಳ ಮುಂದೆ ಇಂಥದೇ ಕವಲು ಒಡೆಯುತ್ತದೆ. ಹಾಗೆಂದು ಎಲ್ಲೆಡೆಯೂ ಭೇದ ಹುಡುಕಬಾರದು. ‘ನೋಡಲು ಹೋದ’, ‘ನೋಡಲಿಕ್ಕೆ ಹೋದ’, ‘ನೋಡಾಕ ಹ್ವಾದ’ ಇವುಗಳಲ್ಲಿ ಬೇರೆಯಾಗುವುದು ಊರು ಮತ್ತು ಸಲುಗೆ, ಅರ್ಥವಲ್ಲ.

ಗಡಿಯ ಕನ್ನಡ ಮರಾಠಿಯ ನೆರಳಿನಲ್ಲಿ ಕೆಟ್ಟಿದೆ ಎನ್ನುವವರಿಗೆ ‘ಬರಾಕತ್ತೈತಿ’ ಒಂದೇ ಉತ್ತರ ಸಾಕು. ಇದು ‘ಬರಲಿಕ್ಕೆ ಹತ್ತಿದೆ’ ಎಂಬುದರ ಬೆಸುಗೆ. ಬರಹದ ಕನ್ನಡದ ‘ಹೇಳಹತ್ತಿದ’ ಎಂಬಲ್ಲಿ ‘ಹತ್ತು’ ತೊಡಗುವುದನ್ನು ಹೇಳುತ್ತದೆ; ಮರಾಠಿಯ ‘ಯೇಊ ಲಾಗಲಾ’ ಕೂಡ ಅಲ್ಲಿಗೇ ನಿಲ್ಲುತ್ತದೆ. ಉತ್ತರ ಕರ್ನಾಟಕದ ಮಾತು ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ಟು, ತೊಡಗಿದ್ದನ್ನು ಈಗ ನಡೆಯುತ್ತಿರುವುದಾಗಿ ಮಾಡಿತು. ಕಾಲವೇ ಇಲ್ಲದ ರೂಪವೊಂದು ಇಲ್ಲಿ ವರ್ತಮಾನವನ್ನು ಹೊತ್ತಿದೆ. ಇನ್ನು ‘ಆಕಿಗೆ ಓದಾಕ ಬರತೈತಿ’, ‘ಆಕಿ ಓದಾಕ ಬರತಾಳ’ ಎಂಬ ಜೋಡಿಯನ್ನು ಕೇಳಿ: ‘ಓದಾಕ’ ಎರಡರಲ್ಲೂ ಒಂದೇ, ಮೊದಲನೆಯದರಲ್ಲಿ ಅದು ಬಲ್ಲ ವಿದ್ಯೆ, ಎರಡನೆಯದರಲ್ಲಿ ಬರುವ ಉದ್ದೇಶ, ಇಲ್ಲಿ ಮಾತ್ರ ಅರ್ಥವನ್ನು ತಿರುಗಿಸುವುದು ‘ಆಕಿಗೆ’ ಎಂಬ ಚತುರ್ಥಿ.