ಬೀಜ, ನೀರು, ನೆಲ: ರೈತ ಚಳವಳಿಯ ವಸಾಹತು ವಿರೋಧಿ ಚಿಂತನೆ ಮತ್ತು ಹವಾಮಾನದ ಪ್ರಶ್ನೆ

ಮೈಸೂರಿನಿಂದ ಕನ್ನಂಬಾಡಿಗೆ ಹೋಗುವ ರಸ್ತೆ ಮೇಟಗಳ್ಳಿಯನ್ನು ಹಾದುಹೋಗುತ್ತದೆ. ಕಾರ್ಖಾನೆಗಳೂ ಬಡಾವಣೆಗಳೂ ತುಂಬಿಕೊಂಡ ಈ ಊರಿನಲ್ಲಿ ಹಳ್ಳಿಯೆಂಬುದು ಬಹುಮಟ್ಟಿಗೆ ಹೆಸರಿನ ಕೊನೆಯಲ್ಲಷ್ಟೇ ಉಳಿದಿದೆ. ರಸ್ತೆಯ ತುದಿಯಲ್ಲಿರುವ ಅಣೆಕಟ್ಟಿನ ಕೆಲಸ 1911ರಲ್ಲಿ ಆರಂಭವಾಯಿತು. ಅದರ ನಾಲೆಗಳಿಂದ ಮಂಡ್ಯದ ರಾಗಿ ಹೊಲಗಳು ಭತ್ತ, ಕಬ್ಬಿನ ಗದ್ದೆಗಳಾದವು. 1933ರಲ್ಲಿ ಸಕ್ಕರೆ ಕಾರ್ಖಾನೆಯೂ ಬಂದಿತು. ಒಂದು ಶತಮಾನದ ಪ್ರಗತಿಯ ಕಲ್ಪನೆ ಈ ಒಂದೇ ದಾರಿಯಲ್ಲಿ ಕಾಣಸಿಗುತ್ತದೆ. ಹವಾಮಾನ ಬದಲಾವಣೆಯ ಕಾಲದಲ್ಲಿ ಈ ಕಲ್ಪನೆಯನ್ನು ಪ್ರಶ್ನಿಸಲು ಕರ್ನಾಟಕದ ಸಮಾಜವಾದಿ ಪರಂಪರೆಯಿಂದ ಎಷ್ಟು ನೆರವು ದೊರೆಯುತ್ತದೆ, ಆ ಪರಂಪರೆಯ ಮಿತಿಗಳೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಂಪರೆಯ ಮೂಲಸ್ರೋತ ರಾಮಮನೋಹರ ಲೋಹಿಯಾ. ಸಾಮ್ರಾಜ್ಯಶಾಹಿಯು ಬಂಡವಾಳಶಾಹಿಯ ಕೊನೆಯ ಹಂತವೆಂಬ ನಿಲುವನ್ನು ಅವರು 1943ರ 'ಎಕನಾಮಿಕ್ಸ್ ಆಫ್ಟರ್ ಮಾರ್ಕ್ಸ್' ಪ್ರಬಂಧದಲ್ಲಿ ನಿರಾಕರಿಸಿದರು. ಅವೆರಡೂ ಜೊತೆಯಲ್ಲೇ ಹುಟ್ಟಿದವು. ಯುರೋಪಿನ ಸಂಪತ್ತಿನಲ್ಲಿ ವಸಾಹತುಗಳ ದುಡಿಮೆ ಮೊದಲಿನಿಂದಲೂ ಸೇರಿದೆ ಎಂಬುದು ಅವರ ವಾದ. ಲೋಹಿಯಾ ಹವಾಮಾನವನ್ನು ಕುರಿತು ಬರೆದವರಲ್ಲ. ಆದರೂ ಅವರ ವಾದವನ್ನು ಮುಂದುವರಿಸಿದರೆ, ಎಲ್ಲರಿಗೂ ಸೇರಿದ ಆಕಾಶವನ್ನು ಕೆಲವೇ ದೇಶಗಳು ತಮ್ಮ ಹೊಗೆಯಿಂದ ತುಂಬಿದ್ದು ಅದೇ ಚರಿತ್ರೆಯ ಇನ್ನೊಂದು ಅಧ್ಯಾಯವಾಗಿ ಕಾಣುತ್ತದೆ.

ಈ ದೃಷ್ಟಿಯನ್ನು ಹೊಲಕ್ಕೆ ತಂದವರು ಪ್ರೊ. ಎಂ.ಡಿ. ನಂಜುಂಡಸ್ವಾಮಿ. ಡಂಕೆಲ್ ಕರಡಿನ ವಿರುದ್ಧದ ಪ್ರತಿಭಟನೆ, 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಯ ಮೇಲಿನ ದಾಳಿ, 1998ರಲ್ಲಿ ರಾಯಚೂರು ಜಿಲ್ಲೆಯ ಬಿ.ಟಿ. ಹತ್ತಿಯ ಪ್ರಯೋಗದ ಬೆಳೆಯನ್ನು ಸುಟ್ಟದ್ದು – ಇವೆಲ್ಲವೂ ಬೀಜದ ಒಡೆತನವನ್ನು ಹೊಸ ವಸಾಹತುಶಾಹಿಯೆಂದು ಗುರುತಿಸಿದ ಕ್ರಿಯೆಗಳು.

ಆದರೆ ಚಳವಳಿಯ ಹುಟ್ಟಿನಲ್ಲೇ ಒಂದು ದ್ವಂದ್ವವಿದೆ. 1980ರ ನರಗುಂದ–ನವಲಗುಂದ ಬಂಡಾಯ ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಸಿಡಿದೆದ್ದದ್ದು. ಅದೇ ವರ್ಷ ರೂಪುಗೊಂಡ ರಾಜ್ಯ ರೈತ ಸಂಘ ಕೇಳಿದ್ದು ವೈಜ್ಞಾನಿಕ ಬೆಲೆಯನ್ನು, ಸಾಲದ ಹೊರೆಯಿಂದ ಬಿಡುಗಡೆಯನ್ನು. ಹಸಿರು ಕ್ರಾಂತಿಯ ಒಳಗಿದ್ದುಕೊಂಡೇ ಅದು ನ್ಯಾಯ ಬೇಡಿತು. ನೀರು ನಿಂತ ಗದ್ದೆ ಮೀಥೇನನ್ನು ಹೊರಬಿಡುತ್ತದೆ. ಸಾರಜನಕ ಗೊಬ್ಬರದಿಂದ ಹೊಮ್ಮುವ ನೈಟ್ರಸ್ ಆಕ್ಸೈಡ್, ನೂರು ವರ್ಷಗಳ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ರೈತನನ್ನು ಈ ದಾರಿಗೆ ಹಚ್ಚಿದ್ದು ಪ್ರಭುತ್ವ. ಅಪರಾಧವನ್ನು ಅವನ ತಲೆಗೆ ಕಟ್ಟುವುದು ಅನ್ಯಾಯ. ಆದರೂ ಬೀಜವನ್ನು ಪ್ರಶ್ನಿಸಿದಷ್ಟು ತೀವ್ರವಾಗಿ ಚಳವಳಿಯು ನೀರು, ಗೊಬ್ಬರಗಳನ್ನು ಪ್ರಶ್ನಿಸಲಿಲ್ಲ. ಚಾಮರಾಜನಗರ ಜಿಲ್ಲೆಯ 'ಅಮೃತಭೂಮಿ'ಯ ಸಹಜ ಕೃಷಿಯ ಪ್ರಯತ್ನವನ್ನು ತಡವಾಗಿ ಬಂದ ಆತ್ಮವಿಮರ್ಶೆಯೆಂದು ಓದಬಹುದು.

ಮಂಡ್ಯದ ವಿ.ಸಿ. ಫಾರಂನಲ್ಲಿ ನಡೆದ ಇನ್ನೊಂದು ಕೆಲಸಕ್ಕೆ ಈ ಚರ್ಚೆಯಲ್ಲಿ ಸಲ್ಲಬೇಕಾದ ಸ್ಥಾನ ಸಂದಿಲ್ಲ. 'ರಾಗಿ' ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ತಳಿಗಳೊಡನೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು. ರಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆಯಾದ್ದರಿಂದ ರೈತ ತನ್ನ ಕಣದಿಂದಲೇ ಮರುವರ್ಷಕ್ಕೆ ಬೀಜ ಎತ್ತಿಡಬಹುದು. ರಾಗಿಯ ತವರೇ ಆಫ್ರಿಕಾ ಎಂಬುದನ್ನು ನೆನೆದರೆ, ವಸಾಹತು ವಿರೋಧವನ್ನು ಪರದೇಶಿ ತಳಿಯ ವಿರೋಧವೆಂದು ಭಾವಿಸುವುದು ತಪ್ಪೆಂದು ತಿಳಿಯುತ್ತದೆ. ಜ್ಞಾನ ಯಾರ ಹಣದಿಂದ ಬೆಳೆಯಿತು, ಯಾರ ಕೈಸೇರಿತು ಎಂಬುದೇ ನಿಜವಾದ ಪ್ರಶ್ನೆ. ಸಾರ್ವಜನಿಕ ವಿಜ್ಞಾನದ ಈ ಮಾದರಿ ಸಮಾಜವಾದಿ ಚಿಂತನೆಯ ಒಳಗೇ ಬರಬೇಕಾದದ್ದು.

ಕೊನೆಯ ಪ್ರಶ್ನೆ ನೆಲದ್ದು. 1974ರ ಭೂಸುಧಾರಣೆ ಗೇಣಿದಾರರಿಗೆ ಒಡೆತನ ಕೊಟ್ಟಿತು. ಬಹುಪಾಲು ದಲಿತ ಕೂಲಿಕಾರರು ಭೂಹೀನರಾಗಿಯೇ ಉಳಿದರು. ಕೃಷಿಕರಲ್ಲದವರು ಜಮೀನು ಕೊಳ್ಳದಂತೆ ತಡೆದಿದ್ದ ಕಲಮುಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಬೆಳೆನಷ್ಟದ ಪರಿಹಾರವನ್ನು ಜಮೀನಿನ ವಿಸ್ತೀರ್ಣದಿಂದ ಲೆಕ್ಕ ಹಾಕಲಾಗುತ್ತದೆ. ಬಿತ್ತನೆಯೇ ಇಲ್ಲದೆ ಕೂಲಿ ಕಳೆದುಕೊಂಡ ಹೆಣ್ಣಾಳಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಆಗಸದ ಅಸಮಾನತೆಯನ್ನು ಖಂಡಿಸುವ ಚಿಂತನೆ ಊರೊಳಗಿನ ಅಸಮಾನತೆಗೂ ಉತ್ತರ ಹೇಳಬೇಕು. ಬೀಜದಿಂದ ಹೊರಟ ವಿಮರ್ಶೆ ನೀರನ್ನು ದಾಟಿ ಈ ಕೂಲಿಯ ಹೆಣ್ಣಿನವರೆಗೆ ತಲುಪಿದಾಗ ಮಾತ್ರ ಅದನ್ನು ಸಮಾಜವಾದವೆಂದು ಕರೆಯಲು ಸಾಧ್ಯ.