‘ಐತಿ’ಗೂ ‘ಐತೆ’ಗೂ ನಡುವೆ

ಬೀಳ್ಕೊಡುಗೆಯ ಹಾರ ಇನ್ನೂ ಕೊರಳಲ್ಲೇ ಇತ್ತು. ಜೊತೆಗೆ ಕೆಲಸ ಮಾಡಿದ ಹುಡುಗನೊಬ್ಬ ಹತ್ತಿರ ಬಂದ. ‘ಸರ, ನಿಮ್ಮ ಧ್ವನಿ ಭಾಳ ಚೊಲೋ ಐತ್ರಿ. ಮನ್ಯಾಗ ಕೂತು ಏನ್ ಮಾಡ್ತೀರಿ, ಡಬ್ಬಿಂಗ್‌ಗೆ ಹೋಗ್ರಿ’ ಅಂದ. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಇಂಥ ಮಾತನ್ನು ನಂಬದೆ ಇರುವುದು ಕಷ್ಟ. ಆರು ತಿಂಗಳಾದ ಮೇಲೆ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ, ಗಾಜಿನ ಆಚೆಯಿಂದ ಇನ್ನೊಬ್ಬ ಹುಡುಗನ ಮಾತು ಹೆಡ್‌ಫೋನಿನಲ್ಲಿ ಕೇಳಿತು: ‘ವಾಯ್ಸ್ ಚೆನ್ನಾಗಿದೆ ಸರ್. ಆದ್ರೆ ಸ್ಲ್ಯಾಂಗ್ ಬರ್ತಿದೆ. ಸ್ವಲ್ಪ ನ್ಯೂಟ್ರಲ್ ಮಾಡ್ಕೊಳ್ಳಿ.’

ಬೇರೆ ಉದ್ಯೋಗ ಮುಗಿಸಿ ಧ್ವನಿಯ ಕೆಲಸಕ್ಕೆ ಬರುವ ಹುಬ್ಬಳ್ಳಿ-ಧಾರವಾಡದ ಯಾರಿಗೇ ಆಗಲಿ, ಈ ಎರಡು ಬುದ್ಧಿಮಾತು ತಪ್ಪಿದ್ದಲ್ಲ. ಮೊದಲನೆಯದು, ಧ್ವನಿ ಚೆನ್ನಾಗಿದ್ದರೆ ಸಾಕು ಅನ್ನುವುದು. ಎರಡನೆಯದು, ಧಾರವಾಡದ ಮಾತನ್ನು ಮೊದಲು ತೊಳೆದುಕೊಳ್ಳಬೇಕು ಅನ್ನುವುದು. ಮೊದಲನೆಯದರ ಸುಳ್ಳು ಮೈಕಿನ ಮುಂದೆ ಹತ್ತು ನಿಮಿಷ ನಿಂತರೆ ತಾನಾಗಿ ಬಯಲಾಗುತ್ತದೆ. ಮದುವೆ ಮನೆಯಲ್ಲಿ ಎಲ್ಲರೂ ಹೊಗಳಿದ ಗಂಭೀರ ಕಂಠ ಮೈಕಿನಿಂದ ಒಂದು ಗೇಣು ದೂರದಲ್ಲಿ ಬರೀ ಗುಂಯ್‌ಗುಡುತ್ತದೆ, ‘ಪ’ಕಾರ ‘ಭ’ಕಾರಗಳು ಪಟಾಕಿಯಂತೆ ಸಿಡಿಯುತ್ತವೆ, ವಾಕ್ಯದ ಕೊನೆಗೆ ದಮ್ಮು ಸಾಲುವುದಿಲ್ಲ. ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನನ್ನ ತಕರಾರು ಎರಡನೆಯದರ ಮೇಲೆ. ಯಾಕೆಂದರೆ ಅದನ್ನು ಹೇಳುವವರು ಕಸುಬು ಬಲ್ಲವರು, ಕೇಳುವವರು ನಾವು, ಒಪ್ಪಿಕೊಂಡು ತಲೆ ಆಡಿಸುವವರೂ ನಾವೇ.

ನ್ಯೂಟ್ರಲ್ ಅಂದರೆ ಯಾವುದು? ಕನ್ನಡದಲ್ಲಿ ಯಾರ ಮನೆಯಲ್ಲೂ ಆಡದ ಒಂದು ಮಾತು ಇದ್ದಿದ್ದರೆ ಅದನ್ನು ಎಲ್ಲರಿಗೂ ಸಮ ಎಂದು ಕರೆಯಬಹುದಿತ್ತು. ಸ್ಟುಡಿಯೋಗಳು ಕೇಳುವುದು ಅದನ್ನಲ್ಲ. ಅವು ಕೇಳುವುದು ಮೈಸೂರು-ಬೆಂಗಳೂರು ಕಡೆಯ ಓದಿದ ಮನೆಗಳ ಆಡುಮಾತು. ‘ಮಾಡ್ತಾ ಇದೀನಿ’ ನ್ಯೂಟ್ರಲ್, ‘ಮಾಡಾಕತ್ತೀನಿ’ ಸ್ಲ್ಯಾಂಗ್. ‘ಮನೇಲಿ’ ನ್ಯೂಟ್ರಲ್, ‘ಮನ್ಯಾಗ’ ಸ್ಲ್ಯಾಂಗ್. ಎರಡೂ ಬರಹದ ಕನ್ನಡದಿಂದ ಅಷ್ಟಷ್ಟೇ ದೂರ. ಒಂದು ರಾಜಧಾನಿಯ ಹತ್ತಿರ ಹುಟ್ಟಿತು, ಅಷ್ಟೇ ವ್ಯತ್ಯಾಸ. (ನಾನೂ ಈ ಲೇಖನವನ್ನು ಪುಸ್ತಕದ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಗೊತ್ತಿದೆ. ಬರೆಯುವಾಗ ಅಂಗಿ ಹಾಕಿಕೊಳ್ಳುತ್ತೇವೆ. ಅದನ್ನೇ ಚರ್ಮ ಅಂದುಕೊಳ್ಳಬಾರದು.)

ಪ್ರಸಾರದ ಕನ್ನಡ ದಕ್ಷಿಣದಿಂದ ಬಂದದ್ದು, ನಾವು ಅದಕ್ಕೆ ತಡವಾಗಿ ಬಂದ ಅತಿಥಿಗಳು ಎಂಬ ಭಾವನೆಯೂ ಇದರ ಹಿಂದಿದೆ. ಇಸವಿಗಳನ್ನು ಎದುರಿಗಿಟ್ಟು ನೋಡಿ. ಧಾರವಾಡದ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ಕ್ಕೆ. ಆಗ ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು, ಏಕೀಕರಣಕ್ಕೆ ಇನ್ನೂ ಆರು ವರ್ಷಕ್ಕೂ ಮಿಕ್ಕಿ ಕಾಯಬೇಕಿತ್ತು. ಬೆಂಗಳೂರಿನ ನಿಲಯ ಬಂದದ್ದು 1955ರಲ್ಲಿ. ನಮಗಿಂತ ಹಿಂದಿನದು ಮೈಸೂರು. ಅಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ನಡೆಸಿದರು, ‘ಆಕಾಶವಾಣಿ’ ಎಂಬ ಹೆಸರೂ ಅಲ್ಲಿಂದಲೇ ಬಂತು. ಅವರ ಉದ್ಯೋಗ? ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರು. ಅಂದರೆ ಕನ್ನಡದ ರೇಡಿಯೋ ಹುಟ್ಟಿದ್ದೇ ಬೇರೆ ಕಸುಬಿನವರ ಕೈಯಲ್ಲಿ.

ನಮ್ಮೂರಿನ ಉದಾಹರಣೆ ಇನ್ನೂ ಹತ್ತಿರದ್ದು. ದ.ರಾ. ಬೇಂದ್ರೆ ಹುಟ್ಟಿದ್ದು 1896ರಲ್ಲಿ. ಜೀವನದ ಬಹುಪಾಲು ಮಾಸ್ತರಿಕೆ, ಕೊನೆಗೆ ಸೊಲ್ಲಾಪುರದ ಕಾಲೇಜಿನಲ್ಲಿ ಪ್ರಾಧ್ಯಾಪಕರು. ನಿವೃತ್ತರಾಗಿ 1956ರಲ್ಲಿ ಊರಿಗೆ ಮರಳಿ ಧಾರವಾಡ ಆಕಾಶವಾಣಿಗೆ ಸಲಹೆಗಾರರಾದರು. ಆಗ ಅವರಿಗೆ ಅರವತ್ತು. ತಮ್ಮ ಓಣಿ ಸಾಧನಕೇರಿಯ ಮಾತನ್ನು ತೊಳೆದುಕೊಂಡು ಬನ್ನಿ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗಿತ್ತು? ಆ ಮಾತಿನಲ್ಲೇ ಅವರು ಕವಿತೆ ಕಟ್ಟಿದ್ದರು, ಆ ಮಾತಿನ ಲಯದಲ್ಲೇ ಓದುತ್ತಿದ್ದರು. ಬೇಂದ್ರೆಯಂಥವರಿಗೆ ಸರಿ, ನಿನಗೇಕೆ ಎಂದು ಕೇಳಬಹುದು. ಕೇಳಲಿ. ಆದರೆ ಆ ಲಯ ಅವರೊಬ್ಬರ ಸ್ವಂತದ್ದಾಗಿರಲಿಲ್ಲ. ಓಣಿಯಲ್ಲಿ ಬಿದ್ದಿದ್ದನ್ನು ಅವರು ಎತ್ತಿಕೊಂಡರು. ಅದು ಇನ್ನೂ ಓಣಿಯಲ್ಲೇ ಇದೆ.

ಈಗ ಕಸುಬಿನ ಒಳಗಿನ ಮಾತು. ಡಬ್ಬಿಂಗಿನಲ್ಲಿ ನಿಜವಾದ ಯಜಮಾನ ಪರದೆಯ ಮೇಲಿನ ಬಾಯಿ. ಅದು ಮುಚ್ಚಿದಾಗ ನಮ್ಮ ಸಾಲಿನಲ್ಲಿ ಒಂದು ‘ಪ’ವೋ ‘ಬ’ವೋ ‘ಮ’ವೋ ಬೀಳಬೇಕು. ಅಗಲವಾಗಿ ತೆರೆದಾಗ ಒಂದು ‘ಆ’ಕಾರ ಬೇಕು. ಅದು ನಿಂತಾಗ ನಾವೂ ನಿಲ್ಲಬೇಕು, ಅರ್ಧ ಅಕ್ಷರವೂ ಹೆಚ್ಚಾಗುವಂತಿಲ್ಲ. ಇಂಥ ಕಡೆ ‘ಹೋಗುತ್ತಾನೆ’ ಅನ್ನುವ ನಾಲ್ಕಕ್ಷರದ ಪದ ಉದ್ದವಾಯಿತು ಎಂದು ಬರಹಗಾರ ತಲೆ ಕೆರೆದುಕೊಳ್ಳುತ್ತಾನೆ. ನಮ್ಮ ಬಾಯಲ್ಲಿ ‘ಹೊಕ್ಕಾನ’ ಇದೆ, ಮೂರೇ ಅಕ್ಷರ. ನಟ ಬಾಯಿ ಅಗಲಿಸಿ ಕೂಗುತ್ತಿರುವಾಗ ‘ಬೇಡ’ ಎಂದರೆ ತುಟಿ ಒಂದು ಕಡೆ, ಶಬ್ದ ಒಂದು ಕಡೆ. ‘ಬ್ಯಾಡ’ ಅಂದು ನೋಡಿ, ದವಡೆ ತಾನಾಗಿ ಕೆಳಗಿಳಿಯುತ್ತದೆ. ‘ಮೇಲೆ’ ಮತ್ತು ‘ಮ್ಯಾಲ’, ‘ಬೇರೆ’ ಮತ್ತು ‘ಬ್ಯಾರೆ’, ಎಲ್ಲದರಲ್ಲೂ ಇದೇ ಆಟ. ಒಂದೇ ಅರ್ಥಕ್ಕೆ ಎರಡು ಬಾಯಿಯ ಆಕಾರಗಳು ಕನ್ನಡದಲ್ಲಿ ಪುಕ್ಕಟೆ ಸಿಗುತ್ತಿವೆ. ಅವುಗಳಲ್ಲಿ ಒಂದನ್ನು ಬಾಗಿಲಲ್ಲೇ ನಿಲ್ಲಿಸಿ, ಆಮೇಲೆ ಕನ್ನಡ ಡಬ್ಬಿಂಗಿನಲ್ಲಿ ಮಾತು ತುಟಿಗೆ ಹೊಂದುವುದಿಲ್ಲ ಎಂದು ದೂರಿದರೆ ಏನನ್ನಬೇಕು?

ಈ ದೂರಿಗೆ ಇನ್ನೊಂದು ಕಾರಣವೂ ಇದೆ. 1960ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಮೊದಲಾದ ಕನ್ನಡ ಹೋರಾಟಗಾರರು ಡಬ್ಬಿಂಗ್ ವಿರುದ್ಧ ನಿಂತರು, ರಾಜ್‌ಕುಮಾರ್ ಬೆಂಬಲಿಸಿದರು. ಕಾರಣ ನ್ಯಾಯವಾದದ್ದೇ. ಕನ್ನಡ ಚಿತ್ರೋದ್ಯಮ ಆಗ ಅಂಬೆಗಾಲಿಡುತ್ತಿತ್ತು, ಕಂಪನಿ ನಾಟಕಗಳಿಂದ ಬಂದ ಕಲಾವಿದರಿಗೆ ಅನ್ನ ಬೇಕಿತ್ತು. ಆದರೆ ಕಾನೂನಿನಲ್ಲಿ ಎಲ್ಲೂ ಇಲ್ಲದ ಆ ನಿಷೇಧ ಅರ್ಧ ಶತಮಾನ ಉಳಿಯಿತು. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟಿತು, 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ಸರಿಯಲ್ಲ ಎಂದಿತು. 2017ರಲ್ಲಿ ಡಬ್ ಆದ ಚಿತ್ರ ‘ಸತ್ಯದೇವ್ ಐಪಿಎಸ್’ ಪ್ರತಿಭಟನೆಗಳ ನಡುವೆ ತೆರೆಗೆ ಬಂತು. ತೆಲುಗು, ತಮಿಳಿನವರು ಈ ಕಸುಬನ್ನು ತಲೆಮಾರುಗಳಿಂದ ಪಳಗಿಸಿಕೊಂಡಿದ್ದಾಗ ನಾವು ಈಗಷ್ಟೇ ಪಾಟಿ ಹಿಡಿದಿದ್ದೇವೆ.

ಹಾಗೆಂದು ಕನ್ನಡದಲ್ಲಿ ಧ್ವನಿದಾನ ಇರಲೇ ಇಲ್ಲವೆಂದಲ್ಲ. ನಮ್ಮ ಚಿತ್ರಗಳಿಗೆ ಹೊರಗಿನ ನಾಯಕಿಯರು ಬಂದಾಗೆಲ್ಲ ಇಲ್ಲಿಯವರೇ ಧ್ವನಿ ಕೊಟ್ಟರು. ರವಿಚಂದ್ರನ್ ಅವರ ಆರಂಭದ ಹಲವು ಚಿತ್ರಗಳಲ್ಲಿ ನಾವು ಕೇಳಿದ್ದು ರಂಗಭೂಮಿಯಿಂದ ಬಂದ ಶ್ರೀನಿವಾಸ ಪ್ರಭು ಅವರ ಕಂಠವನ್ನು. ಕಸುಬು ಇತ್ತು, ಸದ್ದಿಲ್ಲದೆ ಇತ್ತು. ಪರಭಾಷೆಯ ಚಿತ್ರಗಳು ಒಮ್ಮೆಲೇ ಬರತೊಡಗಿದಾಗ ಕೈಯಲ್ಲಿದ್ದ ಆ ನ್ಯೂಟ್ರಲ್ ಕನ್ನಡದ ಒಂದೇ ಅಚ್ಚಿಗೆ ಎಲ್ಲ ಪಾತ್ರಗಳನ್ನೂ ಹಾಕಿದರು. ಆಂಧ್ರದ ರೈತ, ಮದುರೆಯ ರೌಡಿ, ದೂರದ ಗ್ರಹದ ನೀಲಿ ಮೈಯವನು, ಎಲ್ಲರೂ ಬೆಂಗಳೂರಿನ ಒಂದೇ ಬಡಾವಣೆಯಲ್ಲಿ ಬಾಡಿಗೆಗೆ ಇದ್ದವರಂತೆ ಮಾತಾಡುತ್ತಾರೆ.

ನನ್ನ ಸ್ಟುಡಿಯೋ ಕಥೆಯನ್ನು ಪೂರ್ತಿ ಮಾಡುತ್ತೇನೆ. ನನಗೆ ಕೊಟ್ಟಿದ್ದು ಎರಡು ಪಾತ್ರ. ಒಂದು ತಹಶೀಲ್ದಾರರದು, ಅದನ್ನು ಹೇಳಿದಂತೆ ನ್ಯೂಟ್ರಲ್ ಮಾಡಿದೆ. ಇನ್ನೊಂದು, ಬೆಳೆ ಹೋದ ಮುದುಕ ರೈತ. ನವಲಗುಂದದ ಕಡೆ ಕೆಲಸ ಮಾಡಿದವನಿಗೆ ಆ ಮುದುಕನನ್ನು ಹುಡುಕಬೇಕಾಗಿರಲಿಲ್ಲ. ಕೌಂಟರಿನ ಕಟ್ಟೆಗೆ ಎರಡೂ ಕೈ ಇಟ್ಟು, ‘ಸಾಹೇಬ್ರ, ಈ ಸಲಾ ಹೆಸರು ಪೂರಾ ಹೋತ್ರಿ’ ಎಂದು ಹೇಳಿ, ಆಮೇಲೆ ಏನೂ ಕೇಳದೆ ಸುಮ್ಮನೆ ನಿಲ್ಲುತ್ತಿದ್ದವರನ್ನು ಎಷ್ಟೋ ಸಲ ಕಂಡಿದ್ದೆ. ಪಾತ್ರದ ಸಾಲೂ ನನ್ನ ಬಾಯಲ್ಲಿ ಹಾಗೇ ಬಂತು. ಗಾಜಿನ ಆಚೆ ಕ್ಷಣ ಮೌನ. ಆಮೇಲೆ, ‘ಸರ್, ಇದು ಹಳ್ಳಿ ಥರ ಬರ್ಲಿ. ಐತಿ ಬೇಡ, ಐತೆ ಅನ್ನಿ. ಹೋಯ್ತೈತೆ, ಬತ್ತೈತೆ, ಆ ಥರ.’

ಅಂದರೆ ಅಧಿಕಾರಿಗೆ ಬೆಂಗಳೂರಿನ ಕನ್ನಡ, ರೈತನಿಗೆ ಸಿನಿಮಾದವರು ತಯಾರಿಸಿಟ್ಟ ಹಳ್ಳಿ ಕನ್ನಡ. ‘ಐತೆ’ ಅನ್ನುವವರು ಇದ್ದಾರೆ, ಅದು ಅವರ ಮಾತು, ಅದಕ್ಕೂ ಅದರದೇ ಘನತೆ ಇದೆ. ನವಲಗುಂದದ ಮುದುಕನ ಬಾಯಿಗೆ ಅದನ್ನು ತುರುಕುವುದು ಮಾತ್ರ ಆ ಎರಡೂ ಊರುಗಳಿಗೆ ಮಾಡುವ ಅವಮಾನ. ಒಂದು ಸ್ವರದ ವ್ಯತ್ಯಾಸ, ಆದರೆ ಆ ಒಂದು ಸ್ವರದಲ್ಲಿ ಮನುಷ್ಯ ಇದ್ದಾನೆ ಇಲ್ಲವೇ ಇಲ್ಲ. ನಾನು ಅವರು ಹೇಳಿದಂತೆಯೇ ಮಾಡಿದೆ. ಹೊಸಬ, ಅದೂ ಅರವತ್ತು ದಾಟಿದ ಹೊಸಬ. ಆ ರೆಕಾರ್ಡಿಂಗ್ ಈಗಲೂ ಕೇಳಿದರೆ ನನಗೇ ನಾಚಿಕೆ.

ಬೇರೆ ಉದ್ಯೋಗದಿಂದ ಬಂದವರ ಬಂಡವಾಳವನ್ನೇ ಈ ಬುದ್ಧಿಮಾತು ಕಿತ್ತುಕೊಳ್ಳುತ್ತದೆ ಎಂಬುದು ನನ್ನ ಮುಖ್ಯ ಆಕ್ಷೇಪ. ಇಪ್ಪತ್ತೈದರ ಹುಡುಗನಿಗೆ ನಮಗಿಂತ ಒಳ್ಳೆಯ ಕಂಠ, ಉದ್ದದ ಉಸಿರು, ಚುರುಕು ಕಿವಿ ಎಲ್ಲ ಇರುತ್ತದೆ. ನಮ್ಮಲ್ಲಿರುವುದು ಮೂವತ್ತು ವರ್ಷ ಜನರ ಜೊತೆ ಆಡಿದ ಮಾತು. ಸಾಲ ಕೊಡುವುದಿಲ್ಲ ಎನ್ನುವುದನ್ನು ಹತ್ತು ರೀತಿಯಲ್ಲಿ ಹೇಳಲು ನಾನು ಕಲಿತಿದ್ದು ಯಾವ ರಂಗಶಿಬಿರದಲ್ಲೂ ಅಲ್ಲ. ಕೋರ್ಟಿನ ವಕೀಲರು, ಸಪ್ತಾಪುರದ ಕೋಚಿಂಗ್ ಕ್ಲಾಸಿನ ಮಾಸ್ತರರು, ಬಸ್ಸಿನ ಕಂಡಕ್ಟರು, ಹೆರಿಗೆ ವಾರ್ಡಿನ ಸಿಸ್ಟರು, ಇವರೆಲ್ಲರ ಗಂಟಲಲ್ಲಿ ಇಂಥ ನೂರು ದನಿಗಳಿವೆ. ಆ ದನಿಗಳು ಅವರವರ ಊರಿನ ಮಾತಿಗೆ ಅಂಟಿಕೊಂಡೇ ಇರುತ್ತವೆ. ಮಾತನ್ನು ತೊಳೆಯಲು ಹೊರಟರೆ ದನಿಯೂ ಅದರ ಜೊತೆ ಹರಿದುಹೋಗುತ್ತದೆ.

ಉತ್ತರ ಕರ್ನಾಟಕದ ಮಾತಿಗೆ ಬೇಡಿಕೆ ಇದೆಯಲ್ಲ, ಗಂಗಾವತಿ ಪ್ರಾಣೇಶರ ಹಾಸ್ಯ ಕಾರ್ಯಕ್ರಮಕ್ಕೆ ಬೆಂಗಳೂರಿನವರೇ ಮುಗಿಬೀಳುತ್ತಾರಲ್ಲ ಎನ್ನುವವರಿದ್ದಾರೆ. ಅಲ್ಲೇ ಇದೆ ಎಡವಟ್ಟು. ನಗಿಸಲಿಕ್ಕೆ ಇರಲಿ, ಅಳಿಸಲಿಕ್ಕೆ ಬೇಡ, ಪ್ರೀತಿ ಹೇಳಲಿಕ್ಕಂತೂ ಬೇಡವೇ ಬೇಡ ಎಂಬ ಅಲಿಖಿತ ನಿಯಮ ಇದೆ. ನಾಗಾಭರಣರ ‘ಸಂತ ಶಿಶುನಾಳ ಶರೀಫ’, ‘ನಾಗಮಂಡಲ’ ಈ ನಿಯಮವನ್ನು ಎಂದೋ ಮುರಿದಿದ್ದವು. ಈಚೆಗೆ ‘ಗರುಡ ಗಮನ ವೃಷಭ ವಾಹನ’, ‘ಕಾಂತಾರ’ ಕರಾವಳಿಯ ಕನ್ನಡದಲ್ಲೇ ಕೋಪ, ಭಯ, ಭಕ್ತಿ ಎಲ್ಲವನ್ನೂ ಹೇಳಿದವು. ಪ್ರೇಕ್ಷಕರು ಅರ್ಥವಾಗಲಿಲ್ಲ ಎಂದು ಎದ್ದು ಹೋಗಲಿಲ್ಲ. ಧ್ವನಿ ಪುಸ್ತಕಗಳ ವಿಷಯಕ್ಕೆ ಬಂದರೆ, ಬ್ಯಾಂಕಿನಲ್ಲೇ ದುಡಿದ ಶ್ರೀನಿವಾಸ ವೈದ್ಯರ ‘ಹಳ್ಳ ಬಂತು ಹಳ್ಳ’ ಕಾದಂಬರಿಗೆ 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲಿರುವ ನವಲಗುಂದದ ಮಾತುಗಳನ್ನು ನ್ಯೂಟ್ರಲ್ ಬಾಯಲ್ಲಿ ಓದಿಸಿದರೆ ಹಳ್ಳ ಎಲ್ಲಿ ಬರುತ್ತದೆ? ನಲ್ಲಿ ನೀರು ಬರುತ್ತದೆ.

ನಮ್ಮವರ ತಪ್ಪನ್ನೂ ಹೇಳಬೇಕು. ಊರಿನ ಮಾತು ಬೇರೆ, ಸಡಿಲ ಉಚ್ಚಾರ ಬೇರೆ. ‘ಅ’ಕಾರ ‘ಹ’ಕಾರ ಅದಲುಬದಲು ಮಾಡಿ, ‘ಶ’ಕಾರವನ್ನು ‘ಸ’ ಮಾಡಿ, ಇದು ನಮ್ಮ ಕಡೆಯ ಶೈಲಿ ಎಂದು ಮೀಸೆ ತಿರುವಿದರೆ ನಡೆಯುವುದಿಲ್ಲ. ಆಕಾಶವಾಣಿಯ ನಾಟಕ ವಿಭಾಗದ ಧ್ವನಿ ಪರೀಕ್ಷೆಗೆ ಕೂತವರಿಗೆ ಇದು ಗೊತ್ತಿರುತ್ತದೆ. ಹಿಂದೂಸ್ತಾನಿ ಸಂಗೀತದ ಊರಿನಲ್ಲಿದ್ದೂ ಬೆಳಗಿನ ಜಾವ ಎದ್ದು ಖರ್ಜದಲ್ಲಿ ಅರ್ಧ ಗಂಟೆ ದನಿ ನಿಲ್ಲಿಸುವ ಅಭ್ಯಾಸ ಮಾಡದೆ, ಧ್ವನಿ ದೇವರು ಕೊಟ್ಟಿದ್ದು ಎಂದು ಕೂತರೆ ಅದು ಬರೀ ಸೋಮಾರಿತನ. ಹಣದ ಆಸೆಯಿಂದ ಬರುವವರಿಗೂ ಒಂದು ಮಾತು. ಹುಬ್ಬಳ್ಳಿಯಲ್ಲಿ ಕೂತವರಿಗೆ ಮೊದಮೊದಲು ಸಿಗುವುದು ಸಿನಿಮಾ ಅಲ್ಲ. ಬಂಗಾರದ ಅಂಗಡಿಯ ಜಾಹೀರಾತು, ಚುನಾವಣೆಯಲ್ಲಿ ಆಟೋದ ಮೇಲಿನ ಸ್ಪೀಕರು, ಫೋನಿನಲ್ಲಿ ‘ಒಂದನ್ನು ಒತ್ತಿ’ ಎನ್ನುವ ಕೆಲಸ. ಪಿಂಚಣಿ ಇದ್ದರೆ ಬನ್ನಿ.

ಆ ‘ಒಂದನ್ನು ಒತ್ತಿ’ ಎನ್ನುವುದನ್ನು ಈಗ ಯಂತ್ರವೇ ಹೇಳತೊಡಗಿದೆ, ತಪ್ಪಿಲ್ಲದೆ, ಸುಸ್ತಾಗದೆ, ಯಾವ ಊರಿನದೂ ಅಲ್ಲದ ದನಿಯಲ್ಲಿ. ನ್ಯೂಟ್ರಲ್ ಆಗಲು ಹೊರಟ ಮನುಷ್ಯ ಓಡುತ್ತಿರುವುದು ಆ ಯಂತ್ರದ ಜೊತೆಗೆ, ಅದೂ ಅದರದೇ ಮೈದಾನದಲ್ಲಿ. ಯಂತ್ರ ಮಾಡುವವರೇ ಈಗ ಬೇರೆ ದಾರಿ ಹಿಡಿದಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ‘ವಾಣಿ’ ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರ ಸಹಜ ಮಾತನ್ನು ಕಲೆಹಾಕುತ್ತಿದೆ. ಕಂಪ್ಯೂಟರಿಗೆ ಬೇಕಾದ ಜಿಲ್ಲೆಯ ಮಾತು ಅದೇ ಊರಿನ ಸ್ಟುಡಿಯೋಗಳಿಗೆ ಬೇಡ.

ಧ್ವನಿ ನಿರ್ದೇಶಕರಲ್ಲಿ ನನ್ನದು ಒಂದೇ ಕೋರಿಕೆ. ಹುಬ್ಬಳ್ಳಿಯಿಂದಲೋ ಧಾರವಾಡದಿಂದಲೋ ಯಾರಾದರೂ ರಾತ್ರಿ ಬಸ್ಸು ಹತ್ತಿ ಬಂದು ನಿಮ್ಮ ಮೈಕಿನ ಮುಂದೆ ನಿಂತರೆ, ಅದೇ ಸಾಲನ್ನು ಎರಡು ಸಲ ಓದಿಸಿ. ಒಮ್ಮೆ ನಿಮಗೆ ಬೇಕಾದಂತೆ, ಇನ್ನೊಮ್ಮೆ ಅವರು ಮನೆಯಲ್ಲಿ ಹೇಳುವಂತೆ. ಎರಡನೆಯದನ್ನು ಅಳಿಸುವ ಮೊದಲು, ದಯವಿಟ್ಟು, ಒಂದು ಸಲ ಕಣ್ಣು ಮುಚ್ಚಿ ಕೇಳಿ.